ಅಡುಗೆಮನೆಯ ಮತಗಟ್ಟೆ

ದೇಜಪ್ಪನವರಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇರಲಿಲ್ಲ. ಇದ್ದರೆ ಅದು ತಿಳಿದುಕೊಳ್ಳಬೇಕಾದ ವಿಷಯವೇ ಅಲ್ಲ. ಅವರ ಜೊತೆ ಹದಿನೈದು ವರ್ಷ ಸಂಸಾರ ಮಾಡಿದ ಹರಿಣಾಕ್ಷಿ ಈ ಮಾತನ್ನು ಎಂದೋ ಒಪ್ಪಿಕೊಂಡಿದ್ದಳು. ಒಪ್ಪಿಕೊಂಡರೆ ಊಟ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ ಎನ್ನುವುದು ಅವಳ ಅನುಭವ. ಕೆನಡಾದ ಚುನಾವಣೆಯ ವಿಷಯದಲ್ಲಿ ಮಾತ್ರ ಅವಳು ಒಪ್ಪಲಿಲ್ಲ.

ಮಸ್ಕತ್‌ನ ಅಲ್ ಹೈಲ್‌ನಲ್ಲಿ ಕುಳಿತ ಉಡುಪಿ ಕಡೆಯ ಹೆಂಗಸಿಗೆ ಕೆನಡಾದ ಉಸಾಬರಿ ಯಾಕೆ ಎಂದು ಕೇಳಬಹುದು. ಉಸಾಬರಿ ತಾನಾಗಿ ಬಂದದ್ದಲ್ಲ, ದೇಜಪ್ಪನವರೇ ತಂದದ್ದು. ಮದುವೆಯಾಗಿ ಎಂಟು ವರ್ಷ ಮಸ್ಕತ್‌ನಲ್ಲಿದ್ದವರು ಒಂದು ದಿನ ಕೆನಡಾ ಎಂದು ಹೊರಟರು. ಟೊರಾಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ನಾಲ್ಕು ಚಳಿಗಾಲ ಮನೆಮುಂದಿನ ಹಿಮ ಎತ್ತಿ ಹಾಕಿ ಸೊಂಟ ಬೀಳಿಸಿಕೊಂಡರು. ಪೌರತ್ವ ಸಿಕ್ಕಿ ನೀಲಿ ಪಾಸ್‌ಪೋರ್ಟ್ ಕೈಗೆ ಬಂದದ್ದೇ ತಡ, "ಯಲ್ಲಾ, ಮಸ್ಕತ್" ಎಂದು ಹೊರಟು ಬಂದರು. ಮೊದಲಿನ ಕಂಪನಿಯೇ, ಹೆಚ್ಚು ಕಡಿಮೆ ಮೊದಲಿನ ಮೇಜೇ. ಪಾಸ್‌ಪೋರ್ಟಿನ ಬಣ್ಣ ಬದಲಾದ ಕಾರಣ ಸಂಬಳ ಮಾತ್ರ ಬೇರೆ. ಗಲ್ಫಿನಲ್ಲಿ ಇದನ್ನು ಯಾರೂ ವಿಚಿತ್ರ ಎನ್ನುವುದಿಲ್ಲ.

ಹೀಗಿರುವಾಗ ಎರಡು ಸಾವಿರದ ಐದರ ನವೆಂಬರ್ ಕೊನೆಗೆ ಒಟ್ಟಾವಾದಲ್ಲಿ ಸರ್ಕಾರ ಬಿತ್ತು. ಜನವರಿ ಇಪ್ಪತ್ಮೂರಕ್ಕೆ ಚುನಾವಣೆ ಎಂದು ಹರಿಣಾಕ್ಷಿ ಇಂಟರ್ನೆಟ್‌ನಲ್ಲಿ ಓದಿದಳು. ಓದುತ್ತಾ ಹೋದ ಹಾಗೆ ಇನ್ನೊಂದು ಸಂಗತಿ ಸಿಕ್ಕಿತು: ಮುಂದೆ ಹಿಂತಿರುಗುವ ಉದ್ದೇಶವಿರುವ ಪ್ರಜೆ ಹೊರದೇಶದಲ್ಲಿದ್ದರೂ ಅಂಚೆಯ ಮೂಲಕ ಮತ ಹಾಕಬಹುದು, ಆದರೆ ದೇಶ ಬಿಟ್ಟು ಐದು ವರ್ಷ ಆಗಿರಬಾರದು. ಅವರು ಬಿಟ್ಟು ಆಗಲೇ ನಾಲ್ಕನೆಯ ವರ್ಷ ನಡೆಯುತ್ತಿತ್ತು. ಮಗಳು ಸಮೀಕ್ಷಾಳ ಕಾಲೇಜಿಗೆ ಹಿಂತಿರುಗುವುದು ಖಂಡಿತವಾದರೂ ಅದಕ್ಕೆ ಇನ್ನೂ ಬಹಳ ಕಾಲವಿತ್ತು. ಈ ಸಲ ತಪ್ಪಿದರೆ ಮುಂದಿನದ್ದು ಯಾವ ಕಾಲಕ್ಕೋ.

"ನಾವು ವೋಟು ಹಾಕ್ಲಿಕ್ಕೆ ಆಗ್ತದಂತೆ," ಎಂದಳು ಊಟಕ್ಕೆ ಕುಳಿತಾಗ.

"ನಿನಗೆ ಬೇರೆ ಕೆಲಸ ಇಲ್ವಾ ಮಾರಾಯ್ತಿ? ಇಲ್ಲಿಂದ ಒಂದು ವೋಟು ಹೋಗಿ ಅಲ್ಲಿ ಎಂತ ಆಗ್ಲಿಕ್ಕುಂಟು?"

"ಆಗುದು ಬಿಡುದು ಆಮೇಲೆ. ನಾನು ಇಷ್ಟರವರೆಗೆ ಒಂದು ವೋಟೂ ಹಾಕ್ಲಿಲ್ಲ."

ಇದು ನಿಜ. ಊರಿನಲ್ಲಿ ಅವಳ ಪಾಲಿಗೆ ಬಂದದ್ದು ಒಂದೇ ಚುನಾವಣೆ. ಮದುವೆಗೆ ಸ್ವಲ್ಪ ಮೊದಲು, ಇಪ್ಪತ್ತೆರಡರ ಪ್ರಾಯ. ಕನಕಾಂಬರ ಮುಡಿದು, ಹೊಸ ಸೀರೆ ಉಟ್ಟು, ಅಪ್ಪನ ಹಿಂದೆ ಊರಿನ ಶಾಲೆಗೆ ಹೋಗಿ ಬಿಸಿಲಿನಲ್ಲಿ ಸಾಲು ನಿಂತಿದ್ದಳು. ಒಳಗೆ ಕುಳಿತಿದ್ದವರು ಪಟ್ಟಿಯ ಮೇಲೆ ಬೆರಳು ಇಟ್ಟು, ತಲೆ ಎತ್ತದೆ, "ನಿಮ್ಮದು ಆಗಿದೆ" ಎಂದಿದ್ದರು. ಬೆಳಿಗ್ಗೆಯೇ ಯಾರೋ ಹರಿಣಾಕ್ಷಿಯಾಗಿ ಬಂದು ಹರಿಣಾಕ್ಷಿಯ ವೋಟು ಹಾಕಿ ಹೋಗಿದ್ದಳು. ಇವಳು ಕಲೆಯಿಲ್ಲದ ಬೆರಳು ತೋರಿಸಿದಳು. ಹಿಂದಿನವರು ಮುಂದೆ ಹೋಗಿ ಎಂದು ಅವಸರ ಮಾಡಿದರು. ಅಪ್ಪ ಹೊರಗೆ ಬಂದು, "ಇರ್ಲಿ ಬಿಡು ಮಗಾ, ಮುಂದಿನ ಸಲ ಹಾಕಿದರಾಯ್ತು" ಎಂದರು. ಮುಂದಿನ ಸಲಕ್ಕೆ ಅವಳು ಮಸ್ಕತ್‌ನಲ್ಲಿದ್ದಳು, ಆಮೇಲೆ ಕೆನಡಾದಲ್ಲಿ, ಕೊನೆಗೆ ಊರಿನ ಪಾಸ್‌ಪೋರ್ಟೇ ಇರಲಿಲ್ಲ. ಆ ಇನ್ನೊಬ್ಬಳು ಯಾರಿಗೆ ಹಾಕಿದಳು ಎಂದು ಈಗಲೂ ಒಮ್ಮೊಮ್ಮೆ ಸಾರಿಗೆ ಒಗ್ಗರಣೆ ಹಾಕುವಾಗ ನೆನಪಾಗಿ ಹೊಟ್ಟೆ ಉರಿಯುತ್ತಿತ್ತು.

ಅಂಗಡಿಯೊಂದರಿಂದ ಇಬ್ಬರ ಅರ್ಜಿಯನ್ನೂ ಫ್ಯಾಕ್ಸ್ ಮಾಡಿಸಿದಳು. ದೇಜಪ್ಪನವರು ಸಹಿ ಹಾಕಿದ್ದು ಟಿವಿಯ ಕ್ರಿಕೆಟ್ಟಿನಿಂದ ಕಣ್ಣು ಕೀಳದೆ. ಆಮೇಲೆ ಪೌರತ್ವ ಪರೀಕ್ಷೆಗೆ ಓದಿದ್ದ ಹಳೆಯ ಪುಸ್ತಿಕೆಯನ್ನು ಪೆಟ್ಟಿಗೆಯಿಂದ ತೆಗೆದಳು. ಅಂದು ಮಗ್ಗಿಯ ಹಾಗೆ ಬಾಯಿಪಾಠ ಮಾಡಿ ಪಾಸಾಗಿದ್ದಳೇ ಹೊರತು ತಲೆಬುಡ ತಿಳಿದಿರಲಿಲ್ಲ. ಈಗ ಬೇರೆ ಕಣ್ಣಿನಿಂದ ಓದಿದರೆ ಎಲ್ಲವೂ ಗುರುತಿನ ನೆಂಟರು. ಅವರ ಕಾಮನ್ಸ್ ಸಭೆ ಎಂದರೆ ನಮ್ಮ ಲೋಕಸಭೆಯೇ. ರಾಷ್ಟ್ರಪತಿಯ ಜಾಗದಲ್ಲಿ ಇಂಗ್ಲೆಂಡಿನ ರಾಣಿ, ರಾಣಿಯ ಬದಲಿಗೆ ಅಲ್ಲೇ ಕುಳಿತು ರುಜು ಹಾಕುವ ಗವರ್ನರ್ ಜನರಲ್. ಸೆನೆಟ್ ಎಂಬ ಮೇಲ್ಮನೆಗೆ ಚುನಾವಣೆಯೇ ಇಲ್ಲ. ಪ್ರಧಾನಿ ಹೇಳಿದವರು ಹೋಗಿ ಕೂರುತ್ತಾರೆ, ಎಪ್ಪತ್ತೈದು ತುಂಬುವವರೆಗೆ ಏಳುವುದಿಲ್ಲ. ಇದನ್ನು ಓದಿ ಅವಳಿಗೆ ತನ್ನ ಗಂಡನ ದೊಡ್ಡಪ್ಪನ ನೆನಪಾಯಿತು.

ಅನುಮಾನ ಬಂದಾಗೆಲ್ಲ ಬ್ರಾಂಪ್ಟನ್‌ನ ಪಕ್ಕದ ಮನೆಯ ಸ್ಟೆಲ್ಲಾ ಬಾಯಿಗೆ ಫೋನ್ ಮಾಡುತ್ತಿದ್ದಳು. ಸ್ಟೆಲ್ಲಾ ಬಾಯಿ ಉಡುಪಿ ಕಡೆಯ ಶಿರ್ವದವರು, ಮೂವತ್ತು ವರ್ಷದಿಂದ ಅಲ್ಲೇ ಇದ್ದವರು.

"ಬ್ಯಾಲೆಟ್ಟಿನಲ್ಲಿ ಚಿಹ್ನೆ ಗಿಹ್ನೆ ಇರುದಿಲ್ಲ ಹರಿಣಾ. ಅಂಚೆಯಲ್ಲಿ ಬರುದ್ರಲ್ಲಿ ಹೆಸರು ಸಹ ಇರುದಿಲ್ಲ. ಖಾಲಿ ಗೆರೆ ಮಾತ್ರ. ನಮ್ಮ ಏರಿಯಾದಲ್ಲಿ ನಿಂತವರ ಹೆಸರು ನೀನೇ ಬರೀಬೇಕು."

"ಪ್ರಧಾನಿ ಆಗುವವರದ್ದು ಬರೆದ್ರೆ?"

"ಅವರು ನಿಲ್ಲುದು ಅವರ ಊರಲ್ಲಿ. ಇಲ್ಲಿ ಅವರ ಹೆಸರು ಬರೆದ್ರೆ ಕಸದಬುಟ್ಟಿಗೆ. ಪಾರ್ಟಿ ಹೆಸರು ಮಾತ್ರ ಬರೆದ್ರೂ ಅಷ್ಟೇ."

ಹರಿಣಾಕ್ಷಿ ಹಳೆಯ ಪೋಸ್ಟಲ್ ಕೋಡ್ ಹಾಕಿ ತಮ್ಮ ಕ್ಷೇತ್ರದ ಅಭ್ಯರ್ಥಿಗಳನ್ನು ಹುಡುಕಿದಳು. ಒಬ್ಬೊಬ್ಬರು ಬರೆದುಕೊಂಡದ್ದನ್ನೂ ಓದಿದಳು. ಒಬ್ಬ ತೆರಿಗೆ ಇಳಿಸುತ್ತೇನೆ ಎನ್ನುತ್ತಾನೆ. ಇನ್ನೊಬ್ಬ ಎಲ್ಲದಕ್ಕೂ ತಾನೇ ಕಾರಣ ಎನ್ನುತ್ತಾನೆ. ಅವನ ಫೋಟೊ ನೋಡಿದರೆ ಮನೆಯವರದ್ದೇ ನೆನಪು. ಮೂರನೆಯವಳು ದಾದಿಯಾಗಿದ್ದ ಹೆಂಗಸು, ಸರ್ಕಾರಿ ಬಸ್ಸು ಮತ್ತು ಆಸ್ಪತ್ರೆಯ ಸಾಲಿನ ಬಗ್ಗೆ ಬರೆದಿದ್ದಳು. ಚಳಿಗಾಲದ ಬಸ್ ಸ್ಟಾಪಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತದ್ದು ಹರಿಣಾಕ್ಷಿ ಮರೆತಿರಲಿಲ್ಲ.

ತಿಳಿದದ್ದನ್ನೆಲ್ಲ ಗಂಡನಿಗೂ ಹೇಳಿದಳು. "ನಮ್ಮ ಏರಿಯಾದವರ ಹೆಸರೇ ಬರೀಬೇಕಂತೆ," ಎಂದಾಗ ಅವರು, "ನನಗೆ ಕಲಿಸ್ಲಿಕ್ಕೆ ಬರ್ತೀಯಾ? ಟಿವಿಯಲ್ಲಿ ದಿನಾ ತೋರಿಸ್ತಾರಲ್ಲ ಲೀಡರುಗಳನ್ನು," ಎಂದು ಮೀನಿನ ಮುಳ್ಳು ಬಿಡಿಸತೊಡಗಿದರು.

ಎಲ್ಲ ಸರಿ, ಬ್ಯಾಲೆಟ್ ಬರಬೇಕಲ್ಲ. ಒಮಾನಿನಲ್ಲಿ ಪೋಸ್ಟ್‌ಮ್ಯಾನ್ ಬಾಗಿಲು ತಟ್ಟುವುದಿಲ್ಲ. ಎಲ್ಲರ ಕಾಗದವೂ ಕಂಪನಿಯ ಪಿ.ಒ. ಬಾಕ್ಸಿಗೆ ಬರುವುದು, ಬಾಕ್ಸಿನ ಕೀಲಿ ಮಂದೂಬ್ ಖಮೀಸನ ಸೊಂಟದಲ್ಲಿರುವುದು. ಮಂದೂಬ್ ಎಂದರೆ ವೀಸಾ, ಲೇಬರ್ ಕಾರ್ಡ್ ಎಂದು ಕಂಪನಿಯ ಪರವಾಗಿ ಸರ್ಕಾರಿ ಕಚೇರಿ ಸುತ್ತುವವನು. ಬ್ಯಾಲೆಟ್ ಕಳುಹಿಸಿ ಎರಡು ವಾರ ಆಯಿತು ಎಂದು ಒಟ್ಟಾವಾದಿಂದ ಫೋನಿನಲ್ಲಿ ಹೇಳಿದರು. ಅಷ್ಟರಲ್ಲಿ ಬಕ್ರೀದ್ ರಜೆ ಶುರುವಾಗಿ ಕಚೇರಿ ಮುಚ್ಚಿತು, ಖಮೀಸ್ ಕೀಲಿ ಸಮೇತ ತನ್ನ ಊರು ಸಹಮ್‌ಗೆ ಹೋದ. ರಜೆ ಮುಗಿದ ಮೇಲೆ ಕೊಟ್ಟರೆ ಇಪ್ಪತ್ಮೂರರ ಸಂಜೆಯೊಳಗೆ ಒಟ್ಟಾವಾ ಮುಟ್ಟುವ ಭರವಸೆ ಇಲ್ಲ ಎಂದ ಕೊರಿಯರ್‌ನವನು.

"ಸಹಮ್‌ಗೆ ಹೋಗುವ," ಎಂದಳು ಹರಿಣಾಕ್ಷಿ.

"ಹಬ್ಬದ ದಿನ ಒಬ್ಬರ ಮನೆಗೆ ಕೀಲಿ ಕೇಳ್ಲಿಕ್ಕೆ? ನಾಚಿಕೆ ಬೇಡ್ವಾ? ಬಾಕ್ಸಲ್ಲಿ ಬಂದುಂಟು ಅಂತ ಗ್ಯಾರಂಟಿ ಉಂಟಾ?"

"ಇಲ್ಲ. ಅದಕ್ಕೇ ಹೋಗುದು. ನೀವು ಬರದಿದ್ರೆ ನಾನೊಬ್ಬಳೇ ಹೋಗ್ತೇನೆ. ಈ ಸಲ ಯಾರೂ ನನ್ನತ್ರ ಮುಂದಿನ ಸಲ ಅಂತ ಹೇಳ್ಬಾರ್ದು."

ಅವಳ ಧ್ವನಿ ಏರಿರಲಿಲ್ಲ. ಏರಿದ್ದರೆ ದೇಜಪ್ಪನವರು ಹೇಗೋ ನಿಭಾಯಿಸುತ್ತಿದ್ದರು. ಎದ್ದು ಚಪ್ಪಲಿ ಮೆಟ್ಟಿದರು.

ಮಗಳು, "ಐ ಹ್ಯಾವ್ ಎಕ್ಸಾಮ್ಸ್" ಎಂದು ಮನೆಯಲ್ಲೇ ಉಳಿದಳು. ಕಾರು ಓಡಿಸಿದ್ದು ಹರಿಣಾಕ್ಷಿ. ದೇಜಪ್ಪನವರು ಓಡಿಸಿದರೆ ರೌಂಡ್‌ಅಬೌಟಿಗೊಂದು ಜಗಳ, ಸಹಮ್‌ಗೆ ಹೋಗುವ ಬಾತಿನಾ ರಸ್ತೆಯಲ್ಲಿ ಊರಿಗೊಂದು ರೌಂಡ್‌ಅಬೌಟು. ಬರ್ಕಾ, ಸುವೈಕ್, ಖಾಬೂರಾ ದಾಟಿದರು. ಪಿಕಪ್ಪುಗಳ ಹಿಂದೆ ಹಬ್ಬದ ಬಟ್ಟೆ ತೊಟ್ಟ ಮಕ್ಕಳು ತುಂಬಿಕೊಂಡಿದ್ದವು. ದೇಜಪ್ಪನವರು ಮಡಿಲಲ್ಲಿ ಮಿಠಾಯಿ ಡಬ್ಬಿ ಇಟ್ಟುಕೊಂಡು, ಕಂಪನಿಗೆ ಗೊತ್ತಾದರೆ ಏನು ಗತಿ ಎಂದು ದಾರಿಯುದ್ದಕ್ಕೂ ಹೇಳಿದರು.

ಖಮೀಸನಿಗೆ ಆಶ್ಚರ್ಯಕ್ಕಿಂತ ಸಂತೋಷವೇ ಹೆಚ್ಚಾಯಿತು. ಹಬ್ಬಕ್ಕೆ ಬಂದವರು ಕೀಲಿಗೆ ಬಂದರೇನು, ಕಾಫಿಗೆ ಬಂದರೇನು, ಉಣ್ಣದೆ ಕಳುಹಿಸುವ ಪದ್ಧತಿ ಆ ಮನೆಯಲ್ಲಿ ಇಲ್ಲ. ದೇಜಪ್ಪನವರನ್ನು ಮಜ್ಲಿಸ್ ಎಂಬ ಗಂಡಸರ ಪಡಸಾಲೆಯಲ್ಲಿ ಹಲ್ವಾ ತಟ್ಟೆಯ ಮುಂದೆ ಕೂರಿಸಿ, ಹರಿಣಾಕ್ಷಿಯನ್ನು ಒಳಗೆ ತನ್ನ ತಾಯಿಯ ಹತ್ತಿರ ಕಳುಹಿಸಿದ. ಅವರದ್ದು ಬಲೂಚಿ ಮನೆತನ. ಮುದುಕಿ ಸಿನೆಮಾ ನೋಡಿ ಕಲಿತ ಹಿಂದಿಯಲ್ಲಿ ಸರಾಗವಾಗಿ ಮಾತಾಡಿದರು. ಕೀಲಿಯ ಕಥೆಯೆಲ್ಲ ಕೇಳಿದ ಮೇಲೆ ಖರ್ಜೂರದ ಬಟ್ಟಲು ಮುಂದಕ್ಕೆ ತಳ್ಳಿದರು.

"ನಾನೂ ಹಾಕಿದ್ದೇನೆ ಬೇಟಿ. ಎರಡು ವರ್ಷದ ಹಿಂದೆ ನಮ್ಮ ಶೂರಾ ಸಭೆಗೆ ಚುನಾವಣೆ ಆಯಿತಲ್ಲ, ಆಗ. ಆ ಸಲ ಎಲ್ಲರಿಗೂ ಹಕ್ಕು ಕೊಟ್ಟರು."

"ಯಾರಿಗೆ ಹಾಕಬೇಕು ಅಂತ ಮನೆಯಲ್ಲಿ ಹೇಳಲಿಲ್ಲವಾ?"

"ಹೇಳದೆ ಇರುತ್ತಾರಾ? ಗಂಡ ಒಂದು ಹೆಸರು ಹೇಳಿದ, ಅಣ್ಣ ಒಂದು ಹೆಸರು ಹೇಳಿದ, ಖಮೀಸ್ ಒಂದು ಹೇಳಿದ. ಮೂವರಿಗೂ ಇನ್ಶಾ ಅಲ್ಲಾಹ್, ದೇವರಿಟ್ಟ ಹಾಗೆ, ಅಂದೆ."

"ಆಮೇಲೆ?"

"ಆಮೇಲೆ ಒಳಗೆ ಹೋದೆ. ಅಲ್ಲಿ ಮೂವರಲ್ಲಿ ಒಬ್ಬರೂ ಇರಲಿಲ್ಲ." ಮುದುಕಿ ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ನಕ್ಕರು. "ಮೂವರೂ ಇವತ್ತಿನವರೆಗೆ ನನ್ನ ವೋಟು ತಮ್ಮದೇ ಅಂದುಕೊಂಡಿದ್ದಾರೆ. ಇರಲಿ, ಪಾಪ."

ಹರಿಣಾಕ್ಷಿಯೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಪುಸ್ತಿಕೆಯಲ್ಲಿ ಗುಪ್ತ ಮತದಾನ ಎಂಬುದಕ್ಕೆ ಅರ್ಧ ಪುಟ ಕೊಟ್ಟಿದ್ದರು. ಅವಳಿಗೆ ಅದು ಪೂರ್ತಿ ಅರ್ಥವಾದದ್ದು ಸಹಮ್‌ನ ಆ ಕೋಣೆಯಲ್ಲಿ.

ಹೊರಡುವಾಗ ಖಮೀಸ್ ಕೀಲಿ ಕೊಟ್ಟು, "ಮುದೀರ್‌ಗೆ ಹೇಳಬೇಡಿ" ಎಂದ. ಮುದೀರ್ ಎಂದರೆ ಮ್ಯಾನೇಜರ್. ದೇಜಪ್ಪನವರು ಎದೆ ತಟ್ಟಿ ಭರವಸೆ ಕೊಟ್ಟರು. ಹಲ್ವಾ ಹೊಟ್ಟೆಗೆ ಇಳಿದ ಮೇಲೆ ಈ ಪ್ರಯಾಣ ತಮ್ಮದೇ ಯೋಜನೆ ಎನ್ನುವಂತಾಗಿತ್ತು ಅವರ ಮಾತು.

ಮಸ್ಕತ್‌ಗೆ ಮರಳಿ ಸೀದಾ ಪೋಸ್ಟ್ ಆಫೀಸಿಗೆ ಹೋದರು. ಹೊರಗೋಡೆಯಲ್ಲಿ ಸಾಲಾಗಿ ಬಾಕ್ಸುಗಳು. ಹರಿಣಾಕ್ಷಿಯ ಅವಸರಕ್ಕೆ ಕೀಲಿ ತೂತಿಗೆ ಕೂರಲಿಲ್ಲ. ದೇಜಪ್ಪನವರು, "ಕೊಡು ಇಲ್ಲಿ" ಎಂದರು. ಅವಳು ಕೊಡಲಿಲ್ಲ. ಬಾಗಿಲು ತೆರೆದಾಗ ಮೊದಲು ಕಂಡದ್ದು ಒಂದು ಕಟ್ಟು ಬಿಲ್ಲುಗಳು, ಯಾವುದೋ ಪಂಪಿನ ಕ್ಯಾಟಲಾಗು. ಕ್ಯಾಟಲಾಗಿನ ಅಡಿಯಲ್ಲಿ ದಪ್ಪನೆಯ ಎರಡು ಕವರುಗಳಿದ್ದವು.

ಮನೆಗೆ ಬಂದು ದೇಜಪ್ಪನವರು ಊಟದ ಮೇಜಿನ ಮೇಲೆ ತಮ್ಮದನ್ನು ಹರಡಿ, ಪೆನ್ನಿನ ಕ್ಯಾಪ್ ತೆಗೆದು, ಸರಸರನೆ ಏನೋ ಬರೆದು ಕವರಿಗೆ ಹಾಕಿ ಅಂಟಿಸಿದರು.

"ನಿನ್ನದೂ ಕೊಡು. ನಾನೇ ಬರ್ದು ಬಿಡ್ತೇನೆ. ಒಂದೇ ಮನೆ, ಎರಡೂ ವೋಟು ಒಂದೇ ಕಡೆ ಹೋಗ್ಲಿ. ನೀನು ಸೈನ್ ಮಾಡಿದ್ರೆ ಸಾಕು."

"ಆಯ್ತು, ನೋಡುವ," ಎಂದು ಹರಿಣಾಕ್ಷಿ ಕವರನ್ನು ಎದೆಗೊತ್ತಿಕೊಂಡು ಅಡುಗೆಮನೆಗೆ ಹೋಗಿ ಚಿಲಕ ಹಾಕಿಕೊಂಡಳು.

"ಎಂತ ಮಾಡ್ತಿದ್ದೀ ಒಳಗೆ?"

"ವೋಟು ಹಾಕ್ತಿದ್ದೇನೆ."

ಅಕ್ಕಿ ಡಬ್ಬಿಯ ಮುಚ್ಚಳ ಒರೆಸಿ ಅದರ ಮೇಲೆ ಆ ಚಿಕ್ಕ ಕಾಗದ ಇಟ್ಟಳು. ಸ್ಟೆಲ್ಲಾ ಬಾಯಿ ಹೇಳಿದ ಹಾಗೆ ಖಾಲಿ ಗೆರೆ ಮಾತ್ರ. ಈ ಗೆರೆಯ ಮೇಲೆ ಬೇರೆ ಯಾರೂ ಅವಳಾಗಿ ಬಂದು ಬರೆದು ಹೋಗಿರಲಿಲ್ಲ. ಅದನ್ನು ನೋಡುತ್ತಾ ಅವಳಿಗೆ ಅಳು ಬಂತು. ಅಪ್ಪ ಬದುಕಿದ್ದರೆ ಫೋನ್ ಮಾಡಿ ಹೇಳಬಹುದಿತ್ತು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, ಕಾಗದಕ್ಕೆ ನೀರು ತಾಗದ ಹಾಗೆ ಜಾಗ್ರತೆ ಮಾಡಿ, ದಾದಿಯಾಗಿದ್ದವಳ ಹೆಸರನ್ನು ದುಂಡು ಅಕ್ಷರದಲ್ಲಿ ಬರೆದಳು. ಒಳಕವರು, ಹೊರಕವರು, ಸಹಿ, ತಾರೀಕು. ಹೊರಗೆ ಬಂದಾಗ ದೇಜಪ್ಪನವರು ಬಾಗಿಲ ಹತ್ತಿರವೇ ನಿಂತಿದ್ದರು.

"ಯಾರಿಗೆ?"

"ಇನ್ಶಾ ಅಲ್ಲಾಹ್," ಎಂದಳು. ಅವರಿಗೆ ಅರ್ಥವಾಗಲಿಲ್ಲ.

ಕೊರಿಯರ್ ಹೊತ್ತಿಗೆ ಮುಂಚೆಯೇ ಮುಟ್ಟಿತು. ಚುನಾವಣೆಯಲ್ಲಿ ಹಳೆಯ ಸರ್ಕಾರ ಸೋತು ಹೊಸಬರು ಬಂದರು, ದೇಜಪ್ಪನವರು ಹೇಳುತ್ತಿದ್ದ ಪಕ್ಷದವರೇ. ದಾದಿಯಾಗಿದ್ದವಳು ಮೂರನೆಯ ಸ್ಥಾನಕ್ಕೆ ಬಿದ್ದಳು. ಸೋತರೂ ಅವಳ ಲೆಕ್ಕದಲ್ಲಿ ಒಂದು ತನ್ನದು ಎಂದುಕೊಂಡು ಹರಿಣಾಕ್ಷಿ ಅಂದು ಪಾಯಸ ಮಾಡಿದಳು.

ಮುಂದಿನ ಶುಕ್ರವಾರ ಊರಿನ ನಾಲ್ಕಾರು ಮಂದಿ ಊಟಕ್ಕೆ ಬಂದಾಗ ದೇಜಪ್ಪನವರನ್ನು ಹಿಡಿಯುವವರಿಲ್ಲ. ಕೀಲಿ ತರಲು ತಾವು ಸಹಮ್‌ಗೆ ಹೋದದ್ದು, ಅಲ್ ಹೈಲ್‌ನಿಂದ ಒಟ್ಟಾವಾದ ಸರ್ಕಾರ ಬದಲಿಸಿದ್ದು ಎಲ್ಲ ವರ್ಣಿಸಿದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಕಾಗೆಗೆ ಬೇರೇನು ಬೇಕು?

"ಸಣ್ಣಪುಟ್ಟ ಕ್ಯಾಂಡಿಡೇಟುಗಳ ಹೆಸರು ಬರೆಯುದೆಲ್ಲ ದಂಡ ಮಾರಾಯ್ರೆ," ಎಂದರು ಕೋಳಿಸಾರು ಬಡಿಸಿಕೊಳ್ಳುತ್ತಾ. "ನಾನು ಸೀದಾ ಮೇಲಿನ ಲೀಡರಿನ ಹೆಸರೇ ಬರೆದೆ. ಈಗ ನೋಡಿ, ಪ್ರಧಾನಿ ಆದರು."

ಹರಿಣಾಕ್ಷಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಕಸದಬುಟ್ಟಿ ಎಂದು ಸ್ಟೆಲ್ಲಾ ಬಾಯಿ ಹೇಳಿದ್ದು ಕಿವಿಯಲ್ಲಿ ಕೇಳಿದ ಹಾಗಾಯಿತು. ಹೇಳಿಬಿಡಲೇ ಎಂದು ನಾಲಿಗೆ ತುದಿಯವರೆಗೆ ಬಂತು. ನಗು ಬಂತು, ಕನಿಕರವೂ ಬಂತು. ಮುಖ ತುಂಬ ಸಂತೋಷ ತುಂಬಿಕೊಂಡು ಕುಳಿತಿದ್ದ ಮನುಷ್ಯನನ್ನು ನೋಡಿ, ಸಹಮ್‌ನ ಮುದುಕಿ ಅಂದ ಹಾಗೆ, ಇರಲಿ ಪಾಪ ಎಂದುಕೊಂಡಳು.

"ಇವಳದ್ದು ಯಾರಿಗೆ ಅಂತ ಕೇಳಿ ನೀವಾದರೂ. ಇವತ್ತಿನವರೆಗೆ ಬಾಯಿ ಬಿಡ್ಲಿಲ್ಲ," ಎಂದರು ದೇಜಪ್ಪನವರು. ಎಲ್ಲರೂ ಅವಳ ಕಡೆ ತಿರುಗಿದರು.

ಹರಿಣಾಕ್ಷಿ ಗಂಡನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

"ನನ್ನದು ಆಗಿದೆ," ಎಂದಳು.