ಬೀಗದೊಳಗಿನ ಕಟಿಂಗ್ ಮೆಷಿನ್

ಟೈಲ್ಸ್ ಹಾಕುವ ಈಶಪ್ಪ ಹದಿನೈದು ದಿನದಿಂದ ಕಲ್ಲು ಹೊರುತ್ತಿದ್ದ. ಅವನ ಕಟಿಂಗ್ ಮೆಷಿನ್ ಶಿರ್ವದ ಒಂದು ಹೊಸ ಮನೆಯಲ್ಲಿ ಬೀಗದೊಳಗಿತ್ತು. ಮೆಷಿನ್ ಇದ್ದರೆ ಅವನು ಮೇಸ್ತ್ರಿ, ಇಲ್ಲದಿದ್ದರೆ ಕೂಲಿ.

ಆ ಮನೆ ಕುವೈತ್‌ನಲ್ಲಿರುವ ಸೆಲೀನ್ ಅವರದು. ನೋಡಿಕೊಳ್ಳುವವರು ಅವರ ಅಕ್ಕ ಗ್ಲ್ಯಾಡಿಸ್, ಊರವರು ಗೌರವದಿಂದ ಗ್ಲ್ಯಾಡಿಸ್ ಬಾಯಿ ಎನ್ನುತ್ತಾರೆ. ನೀನು ಟೈಲ್ಸ್ ಹಾಕಿದ ಬಚ್ಚಲಲ್ಲಿ ನೀರು ನಿಲ್ಲುತ್ತದೆ, ಎಲ್ಲ ಕಿತ್ತು ನಿನ್ನ ಖರ್ಚಿನಲ್ಲೇ ಹೊಸದಾಗಿ ಹಾಕು ಎಂದರು ಅವರು. ತಪ್ಪು ನನ್ನದಲ್ಲ ಎಂದ ಈಶಪ್ಪ. ಮಾತಿಗೆ ಮಾತು ಬೆಳೆಯಿತು. ಓಡಿಹೋಗುವವನು ನಾನಲ್ಲ ಎಂದು ತೋರಿಸಲು ಮೆಷಿನನ್ನು ಅಲ್ಲೇ ಇಟ್ಟು ಬಂದ. ಕೊಪ್ಪಳದ ಕಡೆಯ ಅವನ ಊರಲ್ಲಿ ಹಾಗೆ ಇಟ್ಟು ಬಂದರೆ ಮತ್ತೆ ಬರುತ್ತೇನೆಂದು ಮಾತು ಕೊಟ್ಟಂತೆ. ಗ್ಲ್ಯಾಡಿಸ್ ಬಾಯಿ ಅದನ್ನು ನೋಡಿ, ತಪ್ಪು ಒಪ್ಪಿಕೊಂಡ ಎಂದುಕೊಂಡು ಬೀಗ ಹಾಕಿದರು. ಈಗ ಯಾರನ್ನು ಬೈಯುವುದು ಹೇಳಿ.

ಈಶಪ್ಪನ ಹೆಂಡತಿ ರತ್ನವ್ವ ಇದನ್ನು ನಮ್ಮ ಸ್ವಸಹಾಯ ಸಂಘದಲ್ಲಿ ಹೇಳಿ ಕಣ್ಣೊರೆಸಿಕೊಂಡಳು. ಅಧ್ಯಕ್ಷೆ ಮನೋರಮಕ್ಕ ಕಾನೂನು ಅರಿವು ಶಿಬಿರಕ್ಕೆ ಹೋಗಿ ಬಂದವರು. ಒಂದು ಅರ್ಜಿ ಕೊಡುವ ಎಂದರು.

"ಕೋರ್ಟು ನಮ್ಮಂಥವರಿಗಲ್ಲ ಅಕ್ಕಾರ. ಒಂದ್ ದಿನ ಅಲೆದ್ರ ಒಂದ್ ದಿನದ ಕೂಲಿ ಹೋತು."

"ಇದು ಕೇಸು ಹಾಕುವುದಲ್ಲ ಮಾರಾಯ್ತಿ, ರಾಜಿ ಮಾಡಿಸುವುದು. ಲೋಕ ಅದಾಲತ್ ಅಂತ ಉಂಟು. ಬಿಳಿ ಹಾಳೆಯಲ್ಲಿ ಬರೆದು ಕೊಟ್ಟರೆ ಸಾಕು, ಫೀಸು ಇಲ್ಲ."

"ಮನಿಯವರು ಕುವೈತಿನಾಗ ಅದಾರ. ರಾಜಿ ಯಾರ ಜೋಡಿ?"

"ಇಂಟರ್‌ನೆಟ್ ಎಂತಕ್ಕೆ ಉಂಟು?"

ಉಡುಪಿ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಹೋಯಿತು. ಅಲ್ಲಿಯ ವಕೀಲರು ಎರಡೂ ಕಡೆಯವರನ್ನು ಕರೆದು ಕೇಳಿದರು. ಸೆಲೀನ್ ಅವರ ಇಮೇಲ್ ವಿಳಾಸ ಪಡೆದು, ಬಚ್ಚಲಿನ ಫೋಟೋ ತೆಗೆಸಿ ಎಂದರು. ಗ್ಲ್ಯಾಡಿಸ್ ಬಾಯಿಯ ಎದುರೇ ಈಶಪ್ಪ ಒಂದು ಕೊಡ ನೀರು ಸುರಿದ. ನೀರು ನೆಟ್ಟಗೆ ಒಂದು ಮೂಲೆಗೆ ಹರಿದು ವಾಷಿಂಗ್ ಮೆಷಿನ್ ಅಡಿಯಲ್ಲಿ ನಿಂತಿತು. ಸೈಬರ್ ಕೆಫೆಯಿಂದ ಆ ಫೋಟೋ ಕುವೈತಿಗೆ ಹೋಯಿತು.

ಮರುದಿನವೇ ಉತ್ತರ ಬಂತು. ಮನೋರಮಕ್ಕ ಓದಿ ಹೇಳಿದರು. ನೀರು ಹೋಗುವ ತೂತು ಮೊದಲು ಅದೇ ಮೂಲೆಯಲ್ಲಿತ್ತಂತೆ. ವಾಷಿಂಗ್ ಮೆಷಿನ್ ಇಡಬೇಕೆಂದು ಪ್ಲಂಬರನಿಗೆ ಫೋನ್ ಮಾಡಿ ಅದನ್ನು ಮುಚ್ಚಿಸಿ, ಆಚೆ ಬದಿಯಲ್ಲಿ ಮಾಡಿಸಿದ್ದು ಸೆಲೀನ್ ಅವರೇ. ಅಕ್ಕನಿಗೆ ತಿಳಿಸಲು ಮರೆತಿದ್ದರು.

ಈಶಪ್ಪ ತಲೆ ತಗ್ಗಿಸಿದ. "ಟೈಲ್ಸ್ ಹಾಕೂ ಮುಂದ ತೂತು ಮುಚ್ಚಿದ್ದು ನಾನೂ ಕಂಡಿದ್ದೆ. ದೊಡ್ಡವರ ಮನಿ, ಹೆಂಗ ಕೇಳೋದು ಅಂತ ಹಳೇ ಮೂಲಿ ಕಡೆ ಇದ್ದ ಇಳಿಜಾರಿನ ಮ್ಯಾಲೇ ಹಾಕಿಬಿಟ್ಟೆ."

ಆಮೇಲೆ ರಾಜಿ ಕಷ್ಟವಾಗಲಿಲ್ಲ. ಟೈಲ್ಸ್ ಅವರದು, ಕೆಲಸ ಅರ್ಧ ಕೂಲಿಗೆ ಇವನದು. ಸೆಲೀನ್ ಕಳಿಸಿದ ಅಧಿಕಾರ ಪತ್ರ ಹಿಡಿದು ಗ್ಲ್ಯಾಡಿಸ್ ಬಾಯಿ ಲೋಕ ಅದಾಲತ್‌ನಲ್ಲಿ ಸಹಿ ಹಾಕಿದರು. ಆ ರಾಜಿಗೆ ಕೋರ್ಟಿನ ತೀರ್ಪಿನಷ್ಟೇ ಬೆಲೆ, ಅದರ ಮೇಲೆ ಅಪೀಲಿಲ್ಲ. ಸಂಜೆ ಮೆಷಿನ್ ಕೈಗೆ ಬಂದಾಗ ಈಶಪ್ಪ ಅದನ್ನು ಮಗುವಿನ ಹಾಗೆ ಎತ್ತಿಕೊಂಡ. ನಮಗೂ ಕಣ್ಣು ತುಂಬಿತು.

ಮುಂದಿನ ವಾರ ಉಚ್ಚಿಲದಲ್ಲಿ ಹೊಸ ಕೆಲಸ. ಹೊರಡುವಾಗ ರತ್ನವ್ವ ಅವನ ಚೀಲಕ್ಕೆ ಹಾಳೆ, ಪೆನ್ನು ಹಾಕಿದಳು.

"ಇನ್ನ ಮ್ಯಾಲ ಮಾತು ಕೊಡೂದಿದ್ರ ಕಾಗದದ ಮ್ಯಾಲ ಕೊಟ್ಟು ಬರ್ರಿ. ಮೆಷಿನ್ ಮನಿಗೆ ತರ್ರಿ."

ಓದುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ದುಡಿಮೆಯೂ ಯಾರದೋ ಬೀಗದೊಳಗೆ ಸಿಕ್ಕಿಕೊಂಡಿದೆಯೇ? ಎದುರಿನವರು ಊರಲ್ಲಿಲ್ಲವೆಂದು ಕೈಬಿಡಬೇಡಿ. ಹತ್ತಿರದ ಕಾನೂನು ಸೇವಾ ಸಮಿತಿಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿ. ನಿಮ್ಮ ಕಡೆಯ ತಪ್ಪಿದ್ದರೆ ಅದನ್ನೂ ಹೇಳಿ.