ಮಾನ್ವಿಯಲ್ಲಿ ಇಲ್ಲದ ಕಂಪನಿ

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಿಕ್ ಇದ್ದ. ಆದರೆ ಕಾಗದದ ಪ್ರಕಾರ ಅವನು ಅಲ್ಲಿ ಇರಲೇ ಇಲ್ಲ. ಇದೆಂಥ ಹುಚ್ಚಾಟವೋ, ನೀವೇ ಹೇಳಿ.

ಅವನು ಜರ್ಮನಿಯವನು, ಅಕ್ಕಿ ಗಿರಣಿಯ ಮಷಿನ್ ಮಾರುವ ರೈಮರ್ ಕಂಪನಿಯ ಫಿಟ್ಟರ್. ಎಂಬತ್ತಮೂರನೇ ಇಸವಿಯಲ್ಲಿ ಮಾನ್ವಿಗೆ ಬಂದು ನಮ್ಮಲ್ಲಿ ಬಾಡಿಗೆಗಿದ್ದ. ಸಿರವಾರ, ದೇವದುರ್ಗ, ಎಲ್ಲಿ ಗಿರಣಿ ಕೆಟ್ಟರೂ ಇವನೇ ಓಡಬೇಕು. ಸಂಜೆ ಒಲೆಯ ಮುಂದೆ ಕೂತು, "ಯವ್ವಾ, ಹಸಿವಿ ಆಗ್ಯಾದ" ಎನ್ನುತ್ತಿದ್ದ. ಗಂಡ ಸತ್ತ, ಮಕ್ಕಳಿಲ್ಲದ ಮನೆ ನನ್ನದು. ಒಬ್ಬಳಿಗಾಗಿ ರೊಟ್ಟಿ ತಟ್ಟುವಷ್ಟು ಬೇಜಾರಿನ ಕೆಲಸ ಬೇರೆ ಇಲ್ಲ. ಅವನು ಬಂದ ಮೇಲೆ ಕೈಗೆ ಜೀವ ಬಂದಿತ್ತು.

ಮುಂಬಯಿಯಿಂದ ಕಂಪನಿಯ ತೆರಿಗೆ ಸಲಹೆಗಾರ ಬಂದು ಏನೇನೋ ತಾಕೀತು ಮಾಡಿದ. ಗಿರಣಿ ಮಾಲೀಕ ಗಡಿಗೆಪ್ಪ ನನಗದನ್ನು ಬಿಡಿಸಿ ಹೇಳಿದ.

"ನೀಲಗಂಗಮ್ಮಾ, ಮಷಿನ್ ಜರ್ಮನಿಯಿಂದ ಮಾರಿದ್ರ ತೆರಿಗಿ ಅಲ್ಲೇ. ಇಲ್ಲಿ ಕಾಯಂ ಠಿಕಾಣಿ ಮಾಡಿ ವ್ಯಾಪಾರ ನಡೆಸಿದ್ರ ಇಲ್ಲೂ ಕಟ್ಟಬೇಕು. ಅದಕ್ಕs ಬೋರ್ಡ್ ಬ್ಯಾಡ. ಯಾರರ ಕೇಳಿದ್ರ, ಅವ ನನಗ ಏನೂ ಅಲ್ಲ ಅನ್ರಿ. ಇಲ್ಲಾಂದ್ರ ಅವನ್ನ ವಾಪಸ್ ಕರಿಸ್ಕೊಂತಾರ."

ಏನೂ ಅಲ್ಲವಂತೆ! ಮೈ ಉರಿದುಹೋಯಿತು. ಆದರೂ ಹೂಂ ಅಂದೆ. ಅವನ ಮಂಚದ ಕೆಳಗೆ ಬೆಲ್ಟು, ಬೇರಿಂಗು ತುಂಬಿದ್ದವು, ಗಿರಣಿಯವರು ಬಂದು ದುಡ್ಡು ಕೊಟ್ಟು ಒಯ್ಯುತ್ತಿದ್ದರು. ಅದನ್ನೂ ಕಾಣದವಳಂತೆ ಇದ್ದೆ.

ದಸರೆಗೆ ರಾಯಚೂರಿನಲ್ಲಿ ಅವನಿಗೊಂದು ಸ್ಟೀಲ್ ಲೋಟ ಕೊಂಡೆ. ಹೆಸರು ಕೊರೆಸದೆ ಪಾತ್ರೆ ಯಾರು ತರುತ್ತಾರೆ? ಅಂಗಡಿಯ ಜಿಲಾನಿ ಪಾಷಾ, "ಮನೆತನದ ಹೆಸರೇನ್ರಿ, ಯವ್ವಾ?" ಎಂದ. ಎರಿಕ್‌ನ ಮನೆತನ ನನಗೇನು ಗೊತ್ತು? 'ಎರಿಕ್, ರೈಮರ್ ಕಂಪನಿ, ಮಾನ್ವಿ' ಎಂದು ಹಾಕಿಸಿದೆ. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ತಿರುಗಿಸಿ ತಿರುಗಿಸಿ ನೋಡಿ ನಕ್ಕ.

ಬೇಸಿಗೆಯಲ್ಲಿ ರಾಯಚೂರಿನಿಂದ ತೆರಿಗೆ ಅಧಿಕಾರಿ ಬಂದ.

"ರೈಮರ್ ಕಂಪನಿ ಇಲ್ಲೇ ಅದ ಏನ್ರಿ?"

"ಯಾವ ಕಂಪನೀರಿ? ಬಿಳಿ ಹುಡುಗ ಒಬ್ಬ ಬರ್ತಾನ, ಹೋಗ್ತಾನ. ಅವ ನನಗ ಏನೂ ಅಲ್ಲ."

ಎರಿಕ್ ಒಳಗೇ ನಿಂತಿದ್ದ. ಹೀಗೆ ಹೇಳಬೇಕೆಂದು ಅವನಿಗೂ ಗೊತ್ತಿತ್ತು, ಆದರೂ ತಲೆ ತಗ್ಗಿಸಿದ. ಅಧಿಕಾರಿ ನಂಬಿದ, ಬೆವರು ಒರೆಸಿಕೊಂಡು ಎದ್ದ. ಅಂಥ ಬಿಸಿಲಲ್ಲಿ ಬಂದವರನ್ನು ನೀರು ಕೊಡದೆ ಕಳಿಸಿ ನನಗೆ ರೂಢಿಯಿಲ್ಲ. ಒಳಗೆ ಹೋಗಿ ಮನೆಯಲ್ಲಿದ್ದ ಒಳ್ಳೆಯ ಲೋಟದಲ್ಲೇ ನೀರು ತಂದುಕೊಟ್ಟೆ.

ಪುಣ್ಯಾತ್ಮ ಗಟಗಟ ಕುಡಿದ. ಆಮೇಲೆ ಲೋಟ ತಿರುಗಿಸಿ ಓದಿದ.

"ಆ ಕೋಣಿ ತೆಗೀರಿ" ಎಂದ.

ಮಂಚದ ಕೆಳಗಿದ್ದುದೆಲ್ಲ ಹೊರಗೆ ಬಂತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಕಂಪನಿ ತೆರಿಗೆ ಕಟ್ಟಿತು, ಎರಿಕ್‌ನನ್ನು ವಾಪಸ್ ಕರೆಸಿಕೊಂಡಿತು. ನಾನು ಅಳುತ್ತ ಕೂತೆ. ಅವನು ಲೋಟವನ್ನು ತೊಳೆದು ಚೀಲದಲ್ಲಿಟ್ಟುಕೊಂಡ.

ಬಸ್ ಸ್ಟ್ಯಾಂಡಿನಲ್ಲಿ ರಾಯಚೂರು ಬಸ್ಸಿನ ಕಂಡಕ್ಟರ್ ಅವನನ್ನೂ ನನ್ನನ್ನೂ ನೋಡಿ ನಕ್ಕ.

"ಯಾರ್ ಬೇ ಯವ್ವಾ ಇವ, ನಿನಗೇನಾಗಬೇಕು?"

"ನನ್ನ ಮಗ" ಎಂದೆ.

ಇಡೀ ಬಸ್ಸು ತಿರುಗಿ ನೋಡಿತು. ನೋಡಲಿ. ಇನ್ನು ನಾನು ಎಷ್ಟು ಜೋರಾಗಿ ಹೇಳಿದರೂ ಯಾರಿಗೂ ತೆರಿಗೆ ಬೀಳುವುದಿಲ್ಲ.