ನೀಲಗರುಡ ಬಂದ ಶುಕ್ರವಾರ

ಮದುವೆಯಾಗಿ ಮಲ್ಪೆಯಿಂದ ಪುಣೆಗೆ ಬಂದಾಗ ಲೀಲಾಕ್ಷಿಗೆ ಶಾಲೆಯಲ್ಲಿ ಕಲಿತ ಹಿಂದಿ ಅಕ್ಷರ ಗೊತ್ತಿತ್ತು, ಹಿಂದಿ ಮಾತು ಗೊತ್ತಿರಲಿಲ್ಲ. ಮರಾಠಿಯಂತೂ ಸುತರಾಂ ಬರುತ್ತಿರಲಿಲ್ಲ. ಗಂಡ ಮೋಹನದಾಸ್ ಸದಾಶಿವ ಪೇಠದ ಒಂದು ಹಳೆಯ ವಾಡೆಯಲ್ಲಿ, ಬೀದಿಗೆ ತೆರೆದ ಎರಡು ಕೋಣೆಗಳಲ್ಲಿ ಹೊಟೇಲು ನಡೆಸುತ್ತಿದ್ದ. ಅವನು ಒಳಗೆ ಒಲೆಯ ಮುಂದೆ, ಅವಳು ಹೊರಗೆ ಪಾರ್ಸೆಲ್ ಕಟ್ಟುವ ಮೇಜಿನ ಹಿಂದೆ. ಗಿರಾಕಿಗಳು ಕೇಳಿದ್ದು ಅರ್ಥವಾಗದೆ ಇಡ್ಲಿ ಬೇಕೆಂದವರಿಗೆ ವಡೆ ಕಟ್ಟಿಕೊಟ್ಟು, ಅವರು ತಿರುಗಿ ಬಂದಾಗ ನಾಚಿ ಒಳಗೆ ಓಡಿದ್ದೂ ಉಂಟು.

ಪಾರ್ಸೆಲಿಗೆಂದು ರದ್ದಿ ಕಾಗದದ ಕಟ್ಟು ಬರುತ್ತಿತ್ತು. ಒಂದು ಮಧ್ಯಾಹ್ನ ಗೋಳಿಬಜೆ ಕಟ್ಟಲು ಹಾಳೆ ಎಳೆದರೆ ಬಣ್ಣದ ಚಿತ್ರಗಳಿದ್ದ ಪುಟ ಕೈಗೆ ಬಂತು. ಯಾರೋ ಮಕ್ಕಳು ಓದಿ ಎಸೆದ ಹಿಂದಿ ಕಾಮಿಕ್ಸು. ಎತ್ತರದ ದೀಪಸ್ತಂಭ, ಅದರ ತುದಿಯಲ್ಲಿ ಒಬ್ಬ ಯುವಕ, ಅವನ ಬೆನ್ನಿನಿಂದ ಆಗಷ್ಟೇ ಬಿಚ್ಚಿಕೊಳ್ಳುತ್ತಿರುವ ನೀಲಿ ರೆಕ್ಕೆ. ಕೆಳಗೆ ನೊರೆಯುಕ್ಕುವ ಕಡಲು. ಕಡಲನ್ನು ಕಂಡು ಎಷ್ಟೋ ತಿಂಗಳಾಗಿದ್ದ ಲೀಲಾಕ್ಷಿ ಆ ಹಾಳೆಯನ್ನು ಪಕ್ಕಕ್ಕೆ ತೆಗೆದಿಟ್ಟಳು. ಗೋಳಿಬಜೆಗೆ ಬೇರೆ ಕಾಗದ ಹುಡುಕಿದಳು.

ಅವನ ಹೆಸರು ನೀಲಗರುಡ. ಹಗಲು ದೀಪಸ್ತಂಭದ ಗಾಜು ಒರೆಸುವ ಕೆಲಸ, ಬಿರುಗಾಳಿ ಎದ್ದರೆ ರೆಕ್ಕೆ ಮೂಡುತ್ತದೆ, ಮುಳುಗುವ ದೋಣಿಗಳನ್ನು ಎತ್ತಿ ದಡಕ್ಕೆ ಇಡುತ್ತಾನೆ. ಇಷ್ಟನ್ನು ಅರ್ಥ ಮಾಡಿಕೊಳ್ಳಲು ಅವಳಿಗೆ ಬಹಳ ಕಾಲ ಹಿಡಿಯಿತು. ಹೊಸ ಕಟ್ಟು ಬಂದಾಗಲೆಲ್ಲ ಹುಡುಕುವಳು. ಕೆಲವು ಸಲ ಇಡೀ ಪುಸ್ತಕವೇ ಸಿಗುತ್ತಿತ್ತು, ಹೆಚ್ಚಿನ ಸಲ ಬಿಡಿ ಹಾಳೆಗಳು. ತಿಳಿಯದ ಶಬ್ದವನ್ನು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತ ಸಾವಿತ್ರಿಬಾಯಿಗೆ ತೋರಿಸಿ ಕೇಳುವಳು. ಹೊಟೇಲಿನಲ್ಲಿ ತರಕಾರಿ ಹೆಚ್ಚುವ, ಹಿಟ್ಟು ರುಬ್ಬುವ ಸಾವಿತ್ರಿಬಾಯಿಗೆ ಓದಲು ಬರುತ್ತಿರಲಿಲ್ಲ. ಓದಿ ಹೇಳಿದರೆ ಕೈಸನ್ನೆ ಬೆರೆಸಿದ ಮರಾಠಿಯಲ್ಲಿ ಅರ್ಥ ಹೇಳುವಳು. ಹೀಗೆ ಒಬ್ಬಳು ಓದಿ, ಇನ್ನೊಬ್ಬಳು ಬಿಡಿಸಿ ಹೇಳಿ, ಇಬ್ಬರಿಗೂ ನೀಲಗರುಡನ ಮೇಲೆ ಮಗನ ಮೇಲಿರುವಂಥ ಅಕ್ಕರೆ ಬೆಳೆಯಿತು.

ಒಂದು ಕತೆ ಮಾತ್ರ ಲೀಲಾಕ್ಷಿಯನ್ನು ಕಾಡಿತು. ಅದರಲ್ಲಿ ವೈರಿಗಳು ನೀಲಗರುಡನ ರೆಕ್ಕೆಗೆ ಕಬ್ಬಿಣದ ಸರಪಳಿ ಬಿಗಿದು ಅವನನ್ನು ಕಡಲಿಗೆ ದೂಡುತ್ತಾರೆ. ತಾಯಿ ದೀಪಸ್ತಂಭದ ಮೇಲೆ ನಿಂತು ನೋಡುತ್ತಾಳೆ. ಮುಂದಿನ ಹಾಳೆಗಳೇ ಇರಲಿಲ್ಲ. ಬಹುಶಃ ಬೇರೆ ಯಾವುದೋ ಅಂಗಡಿಯಲ್ಲಿ ಭಜಿ ಕಟ್ಟಿಸಿಕೊಂಡು ಹೋಗಿದ್ದವು. ಮಗಳು ರಕ್ಷಿತ ಹುಟ್ಟಿ, ಕತೆ ಕೇಳುವಷ್ಟು ದೊಡ್ಡವಳಾದಾಗ ಲೀಲಾಕ್ಷಿ ತಾನೇ ಒಂದು ಕೊನೆ ಕಟ್ಟಿದಳು: ಬೆಸ್ತರೆಲ್ಲ ಸೇರಿ ದೊಡ್ಡ ಬಲೆ ಬೀಸಿ, "ಐಸಾ" ಎಂದು ಎಳೆದು, ಅವನನ್ನು ಮೇಲೆ ತಂದರು. ರಕ್ಷಿತ ಆ ಬಲೆ ಎಳೆಯುವ ಆಟ ಆಡುತ್ತಲೇ ನಿದ್ದೆ ಹೋಗುತ್ತಿದ್ದಳು.

ರಕ್ಷಿತ ಕಾಲೇಜಿಗೆ ಸೇರಿದ ವರ್ಷ, ಎರಡು ಸಾವಿರದ ಮೂರನೆಯ ಇಸವಿಯ ಬೇಸಿಗೆಯಲ್ಲಿ, ಡೆಕ್ಕನ್ ಕಡೆ ಹೋಗುವ ಸೇತುವೆಯ ಬಳಿ ದೊಡ್ಡ ಹೋರ್ಡಿಂಗ್ ಎದ್ದಿತು. ಮೋಹನದಾಸನ ಸ್ಕೂಟರಿನ ಹಿಂದೆ ಕೂತು ಮಂಡಯಿ ಮಾರುಕಟ್ಟೆಯಿಂದ ತರಕಾರಿ ತರುತ್ತಿದ್ದ ಲೀಲಾಕ್ಷಿ ಅದನ್ನು ನೋಡಿ ಎಷ್ಟು ತಿರುಗಿದಳೆಂದರೆ ಸ್ಕೂಟರು ವಾಲಿತು, ಚೀಲದಿಂದ ಎರಡು ಸೌತೆಕಾಯಿ ಉರುಳಿದವು.

ಮೋಹನದಾಸ್ ಗಾಡಿ ನಿಲ್ಲಿಸಿದ. "ಎಂತ ಆಯ್ತು ನಿಂಗೆ?"

"ಅವ ಬರ್ತಾನಂತೆ," ಎಂದಳು ಲೀಲಾಕ್ಷಿ.

"ಯಾರು?"

ಅವಳು ಕೈ ತೋರಿಸಿದಳು. ಹೋರ್ಡಿಂಗಿನ ಮೇಲೆ ನೀಲಿ ರೆಕ್ಕೆಯ ಒಂದೊಂದು ಗರಿಯೂ ಕಾಣುತ್ತಿತ್ತು. ಜೂನಿನಲ್ಲಿ ಸಿನಿಮಾ ಬಿಡುಗಡೆ. ಖರಾಡಿ ಕಡೆ ಹೊಸತಾಗಿ ಕಟ್ಟಿದ್ದ ಥಿಯೇಟರಿನಲ್ಲಿ, ಮೂರು ಮಹಡಿ ಎತ್ತರದ ಪರದೆಯ ಮೇಲೆ. ಮೋಹನದಾಸ್ ಸೌತೆಕಾಯಿ ಹೆಕ್ಕಿ, ಒರೆಸಿ, ಚೀಲಕ್ಕೆ ಹಾಕಿದ. "ನಂಗೆ ಯಾರೋ ಊರಿನವರು ಅಂತ ಗಾಬರಿ ಆಯ್ತು ಮಾರಾಯ್ತಿ," ಎಂದ.

ಅಲ್ಲಿಂದ ಮುಂದೆ ಹೊಟೇಲಿನಲ್ಲಿ ಇದೇ ಮಾತು. ಕೋಚಿಂಗ್ ಕ್ಲಾಸಿನ ಹುಡುಗ ಹುಡುಗಿಯರು ಚಹಾ ಕುಡಿಯುತ್ತ ಟೀವಿಯಲ್ಲಿ ಬಂದ ತುಣುಕಿನ ಬಗ್ಗೆ ವಾದಿಸಿದರೆ ಲೀಲಾಕ್ಷಿ ಪಾರ್ಸೆಲಿನ ದಾರ ಹಿಡಿದುಕೊಂಡೇ ಅವರ ಮೇಜಿನ ಬಳಿ ನಿಲ್ಲುವಳು. ಅವರಿಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಿತ್ತು. ನೀಲಗರುಡನಿಗೆ ಮಿಂಚು ಕಂಡರೆ ಸೀನು ಬರುತ್ತದೆ, ಅವನ ತಾಯಿ ಕಿವಿ ಕೇಳದವಳು. ಅವರು ಬಾಯಿ ತೆರೆದು ಕೇಳುವರು. ಮೊದಲ ದಿನ ಬೆಳಗಿನ ಆಟಕ್ಕೇ ಹೋಗಬೇಕೆಂದು ಅವರೆಲ್ಲ ಮಾತಾಡಿಕೊಂಡಾಗ ಲೀಲಾಕ್ಷಿಗೆ ಚಿಂತೆ ಶುರುವಾಯಿತು. ಅವರು ನೋಡಿಕೊಂಡು ಬಂದು ಇದೇ ಮೇಜಿನಲ್ಲಿ ಕೂತು ಕೊನೆಯನ್ನು ಹೇಳಿಬಿಟ್ಟರೆ?

ಆ ದಿನ ಮಧ್ಯಾಹ್ನ, ಊಟದ ಗಿರಾಕಿಗಳು ಕರಗಿದ ಮೇಲೆ, ಅವಳು ಗಂಡನ ಮುಂದೆ ಕೂತಳು. "ನಾನೂ ಮೊದಲ ದಿನವೇ ನೋಡ್ಬೇಕು. ಬೆಳಗ್ಗೆಯದ್ದೇ."

"ಶುಕ್ರವಾರ ಬೆಳಗ್ಗೆಯಾ? ಬನ್ಸ್ ಯಾರು ಕಟ್ಟಿ ಕೊಡುದು? ನೀನು ರಕ್ಷಿತನ ಒಟ್ಟಿಗೆ ಹೋಗು, ನಾನು ಹೇಗಾದ್ರೂ ಸುಧಾರಿಸ್ತೇನೆ."

"ನೀವು ಬರದಿದ್ರೆ ನಂಗೆ ಬೇಡ."

"ಆ ಹಾರುವವನನ್ನು ನೋಡ್ಲಿಕ್ಕೆ ನಾನಾ?"

"ಹೌದು, ನೀವೇ. ನಾವು ಒಟ್ಟಿಗೆ ಥಿಯೇಟರಿಗೆ ಹೋಗಿ ಎಷ್ಟು ವರ್ಷ ಆಯ್ತು, ಹೇಳಿ ನೋಡುವ."

ಮೋಹನದಾಸ್ ಹೇಳಲು ಹೋದ. ನೆನಪು ಹಿಂದೆ ಹಿಂದೆ ಹೋಗಿ ರಕ್ಷಿತ ಹುಟ್ಟುವ ಮೊದಲಿನ ಒಂದು ದೀಪಾವಳಿಗೆ ಬಂದು ನಿಂತಿತು. ಆ ಹೊಟೇಲಿನ ಬಾಗಿಲು ಗಿರಾಕಿಗಳು ಬರುವ ಹೊತ್ತಿನಲ್ಲಿ ಮುಚ್ಚಿದ್ದು ಒಮ್ಮೆ ಮಾತ್ರ, ಅವನ ತಂದೆ ತೀರಿಕೊಂಡಾಗ. ಮಳೆ, ಬಂದ್, ಜ್ವರ ಯಾವುದಕ್ಕೂ ಮುಚ್ಚಿದ್ದಿಲ್ಲ. ಆ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಮೂರನೆಯ ದಿನ ದೋಸೆ ಮಗುಚುತ್ತ, ತಿರುಗಿ ನೋಡದೆ, "ರಕ್ಷಿತನಿಗೆ ಹೇಳು, ನಾಲ್ಕು ಟಿಕೆಟ್ ತರ್ಲಿಕ್ಕೆ. ಸಾವಿತ್ರಿಬಾಯಿಯನ್ನು ಬಿಟ್ಟು ಹೋದ್ರೆ ಅವಳು ನಮ್ಮನ್ನು ಬಿಡ್ತಾಳಾ?" ಎಂದ.

ಶುಕ್ರವಾರ ಕೆಲಸದವರಿಗೆ ರಜೆ ಕೊಟ್ಟು, ಅರ್ಧ ಎಳೆದ ಶಟರಿಗೆ ಸೀಮೆಸುಣ್ಣದಿಂದ ಮರಾಠಿಯಲ್ಲಿ "ಇಂದು ಬಂದ್" ಎಂದಷ್ಟೇ ಬರೆದು, ಪೂರ್ತಿ ಎಳೆದು ಬೀಗ ಹಾಕಿದರು. ರಿಕ್ಷಾದಲ್ಲಿ ನಾಲ್ವರು ಇರುಕಿಕೊಂಡು ಹೊರಟರು. ಮೊದಲ ಮಳೆ ಬಿದ್ದಿತ್ತು. ಲೀಲಾಕ್ಷಿ ಮದುವೆಗೆ ಉಡುವಂಥ ಸೀರೆ ಉಟ್ಟಿದ್ದಳು. ಊರು ದಾಟುತ್ತಿದ್ದಂತೆ ಗದ್ದೆಯ ನಡುವೆ ಅರ್ಧ ಕಟ್ಟಿದ ಗಾಜಿನ ಕಟ್ಟಡಗಳು, ಅವುಗಳಾಚೆ ಥಿಯೇಟರು. ಬಾಗಿಲಲ್ಲಿ ಕಾವಲಿನವನು ಸಾವಿತ್ರಿಬಾಯಿಯ ಚೀಲದಲ್ಲಿದ್ದ ಸ್ಟೀಲ್ ಡಬ್ಬಿಯನ್ನು ತಡೆದ. ಹೊರಗಿನ ತಿಂಡಿ ಒಳಗೆ ಬಿಡುವಂತಿಲ್ಲ. ಸಾವಿತ್ರಿಬಾಯಿ ವಾದ ಮಾಡಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಡಬ್ಬಿ ತೆರೆದಳು. ನಾಲ್ವರೂ ಬನ್ಸ್ ತಿಂದರು. ಕಾವಲಿನವನಿಗೂ ಎರಡು ಕೊಟ್ಟರು, ಅವನು ಗೋಡೆಗೆ ಮುಖ ಮಾಡಿ ತಿಂದು, ಬಾಯಿ ಒರೆಸಿಕೊಂಡು, ಸಲಾಮು ಹೊಡೆದು ಒಳಗೆ ಬಿಟ್ಟ.

ಸಿಕ್ಕಿದ್ದು ಮುಂದಿನ ಸಾಲು. "ಇಲ್ಲಿ ಕತ್ತು ನೋಯ್ತದೆ," ಎಂದು ಮೋಹನದಾಸ್ ಗೊಣಗಿ, ಒರಗಿ, ಕಣ್ಣು ಮುಚ್ಚಲು ಅನುಕೂಲವಾಗುವಂತೆ ಕೈಕಟ್ಟಿಕೊಂಡ. ಪರದೆ ಎಷ್ಟು ದೊಡ್ಡದಿತ್ತೆಂದರೆ ಅದರ ಎರಡು ಅಂಚುಗಳು ಒಟ್ಟಿಗೆ ಕಣ್ಣಿಗೆ ಸಿಗುತ್ತಿರಲಿಲ್ಲ. ದೀಪ ಆರಿತು.

ಮೊದಲು ಬಂದದ್ದು ಕಡಲು.

ಬೇರೆ ಏನೂ ಇಲ್ಲ, ಬರೀ ಕಡಲು. ದೂರದಿಂದ ಒಂದು ಅಲೆ ಎದ್ದು, ಬೆಳೆದು, ಮೂರು ಮಹಡಿ ಎತ್ತರಕ್ಕೆ ನಿಂತು, ಮುಂದಿನ ಸಾಲಿನವರ ಮೇಲೆಯೇ ಬಂದಿತು. ಅದರ ಸದ್ದು ಕುರ್ಚಿಯೊಳಗಿನಿಂದ ಬೆನ್ನಿಗೆ ತಾಕಿತು. ಸಾವಿತ್ರಿಬಾಯಿ ಕಾಲು ಮೇಲೆತ್ತಿಕೊಂಡಳು. ಲೀಲಾಕ್ಷಿ ಗಂಡನ ಕಡೆ ನೋಡಿದಳು. ಅವನು ಕೈ ಬಿಚ್ಚಿ ಮುಂದಕ್ಕೆ ಬಾಗಿ ಕೂತಿದ್ದ.

"ನಮ್ಮ ಕಡೆಯ ಹಾಗೆಯೇ ಉಂಟಲ್ಲ," ಎಂದ, ತನಗೇ ಹೇಳಿಕೊಳ್ಳುವಂತೆ. "ಆಷಾಢದ್ದು. ದೋಣಿ ಇಳಿಸ್ಲಿಕ್ಕೆ ಆಗದ ಕಡಲು."

ಆಮೇಲೆ ದೀಪಸ್ತಂಭ ಬಂತು. ಗಾಜು ಒರೆಸುತ್ತಿದ್ದ ಹುಡುಗ ತಿರುಗಿದ. ಮಿಂಚು ಹೊಳೆಯಿತು, ಅವನು ಸೀನಿದ, ಹಿಂದಿನ ಸಾಲುಗಳಲ್ಲಿ ಕೋಚಿಂಗ್ ಕ್ಲಾಸಿನ ಹುಡುಗರು ಸೀಟಿ ಹೊಡೆದರು. ಲೀಲಾಕ್ಷಿಗೆ ನಗು ಬಂತು, ಜೊತೆಗೇ ಕಣ್ಣು ಮಂಜಾಯಿತು. ರದ್ದಿ ಕಾಗದದಲ್ಲಿ ಅಂಗೈಯಷ್ಟಿದ್ದವನು ಈಗ ಆಕಾಶದಷ್ಟಿದ್ದ. ರೆಕ್ಕೆ ಬಿಚ್ಚಿದಾಗ ಇಡೀ ಥಿಯೇಟರು ನೀಲಿಯಾಯಿತು. ರಕ್ಷಿತಳ ಮುಖ ನೀಲಿ, ಸಾವಿತ್ರಿಬಾಯಿಯ ಬೆಳ್ಳಿ ಕೂದಲು ನೀಲಿ. ಅವನು ಮೇಲಕ್ಕೆ ಏರಿದಂತೆ ನೆಲ ಕೆಳಗೆ ಸರಿದು, ತಾನೂ ಕುರ್ಚಿ ಬಿಟ್ಟು ಮೇಲೆ ಹೋಗುತ್ತಿದ್ದೇನೆ ಅನ್ನಿಸಿ ಲೀಲಾಕ್ಷಿ ಗಂಡನ ಕೈ ಹಿಡಿದಳು. ಮಗಳು ಪಕ್ಕದಲ್ಲಿದ್ದಾಳೆಂಬುದು ನೆನಪಾಗಿ ಬಿಡಲು ಹೋದಳು. ಅವನು ಬಿಡಲಿಲ್ಲ.

ಕೊನೆಯ ಭಾಗದಲ್ಲಿ ಸರಪಳಿ ಬಂತು. ನೀಲಗರುಡ ಕಡಲಿಗೆ ಬಿದ್ದ, ನೀರು ಅವನ ಮೇಲೆ ಮುಚ್ಚಿಕೊಂಡಿತು. ಸಾವಿತ್ರಿಬಾಯಿ ಜೋರಾಗಿಯೇ ಮರಾಠಿಯಲ್ಲಿ, "ಅವನ ತಾಯಿಗೆ ಯಾರಾದರೂ ಹೇಳಿ," ಎಂದಳು. ತಾಯಿ ನೋಡಿದ್ದಳು. ಕಿವಿ ಕೇಳದ ಆ ಮುದುಕಿ ಹೆಗಲು ಕೊಟ್ಟು ದೊಡ್ಡ ದೀಪವನ್ನು ಕಡಲಿನತ್ತ ತಿರುಗಿಸಿದಳು. ಬೆಳಕು ನೀರನ್ನು ಸೀಳಿ ತಳಕ್ಕಿಳಿಯಿತು, ಸರಪಳಿ ಕೆಂಪಾಗಿ ಕಾದು ಒಡೆಯಿತು, ನೀರು ಎರಡಾಗಿ ರೆಕ್ಕೆ ಮೇಲೆದ್ದಿತು. ಇಡೀ ಥಿಯೇಟರು ಎದ್ದು ನಿಂತಿತು. ಲೀಲಾಕ್ಷಿಯೂ ನಿಂತಿದ್ದಳು, ಅದು ಅವಳಿಗೆ ಗೊತ್ತಾದದ್ದು ಸೆರಗು ಕುರ್ಚಿಗೆ ಸಿಕ್ಕಿ ಎಳೆದಾಗ.

ಹೊರಗೆ ಬಂದ ಮೇಲೆ ರಕ್ಷಿತ ಅಮ್ಮನ ಭುಜಕ್ಕೆ ಒರಗಿದಳು. "ಅಮ್ಮಾ, ಚೆನ್ನಾಗಿತ್ತು. ಆದ್ರೆ ನಿನ್ನ ಬಲೆಯ ಕೊನೆಯೇ ಇನ್ನೂ ಚೆನ್ನಾಗಿ ಉಂಟು."

"ಹೋಗು," ಎಂದಳು ಲೀಲಾಕ್ಷಿ. ಆದರೆ ರಿಕ್ಷಾದಲ್ಲಿ ದಾರಿಯಿಡೀ ನಗುತ್ತಲೇ ಬಂದಳು.

ಸದಾಶಿವ ಪೇಠದ ತಿರುವಿಗೆ ಬಂದಾಗ ಹೊಟೇಲಿನ ಮುಂದೆ ಜನ ಗುಂಪುಗೂಡಿದ್ದು ಕಂಡಿತು. ಎಲ್ಲರೂ ದಿನಾ ಬರುವ ಗಿರಾಕಿಗಳು. ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಮುಂದೆ ನಿಂತವರು ಲಕ್ಷ್ಮೀ ರಸ್ತೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ರಾಮಲಿಂಗಪ್ಪ, ಬಾಗಲಕೋಟೆ ಕಡೆಯವರು, ಮೋಹನದಾಸನ ತಂದೆಯ ಕಾಲದಿಂದ ಅಲ್ಲೇ ನಾಷ್ಟಾ ಮಾಡುವವರು. ಅವರ ಕೈಯಲ್ಲಿ ಚೆಂಡುಹೂವಿನ ಹಾರವಿತ್ತು.

ಮೋಹನದಾಸ್ ರಿಕ್ಷಾದಿಂದ ಹಾರಿ ಇಳಿದ. "ಎಂತ ಆಯ್ತು? ಯಾರಿಗೆ?"

ರಾಮಲಿಂಗಪ್ಪ ಅವನನ್ನು ನೋಡಿದರು, ರಿಕ್ಷಾದೊಳಗೆ ಇಣುಕಿ ಲೀಲಾಕ್ಷಿಯನ್ನು ನೋಡಿದರು, ರಕ್ಷಿತಳನ್ನು ನೋಡಿದರು, ಸಾವಿತ್ರಿಬಾಯಿಯನ್ನೂ ನೋಡಿದರು. "ಎಲ್ಲಾರೂ ಅದೀರಲ್ರಿ," ಎಂದರು.

"ಇದ್ದೇವಲ್ಲ."

"ಮತ್ತ ಬಂದ್ ಅಂತ ಯಾಕ ಬರದೀರಿ? ಈ ಬಾಗಲಾ ಒಮ್ಮೆ ಬಂದ್ ಆಗಿದ್ದು ನಿಮ್ಮ ಅಪ್ಪಾರು ಹೋದಾಗ. ಅವತ್ತೂ ನಾನ ಹಾರ ತಂದಿದ್ದೆ. ಇವತ್ತ ನೋಡಿ ಎದಿ ಧಸಕ್ ಅಂತು. ಅಂಗಡಿ ಹುಡುಗರಿಗೆ ಬಿಟ್ಟು ಓಡಿ ಬಂದೀನಿ. ಯಾರು ಅಂತ ಕೇಳಿದ್ರ ಯಾರಿಗೂ ಗೊತ್ತಿಲ್ಲ. ಎಲ್ಲಿಗೆ ಹೋಗಿದ್ರಿ?"

ಲೀಲಾಕ್ಷಿ ಇಳಿದು ಬಂದು, ಸೆರಗು ಸರಿಮಾಡಿಕೊಂಡು, "ಸಿನಿಮಾಕ್ಕೆ ಹೋಗಿದ್ದೆವು. ನೀಲಗರುಡನದ್ದು," ಎಂದಳು.

ಹಿಂದೆ ಯಾರೋ ಕಿಸಕ್ಕೆಂದರು, ಅದು ಹಬ್ಬಿತು, ಮೋಹನದಾಸನೂ ಶಟರಿಗೆ ಒರಗಿ ನಕ್ಕ. ಎಲ್ಲರಿಗಿಂತ ಕೊನೆಗೆ ನಕ್ಕವರು ರಾಮಲಿಂಗಪ್ಪ. ಅವರು ಶುರು ಮಾಡಿದರೆ ನಿಲ್ಲಿಸುವವರಲ್ಲ, ಟೋಪಿ ತೆಗೆದು ಕಣ್ಣೊರೆಸಿಕೊಂಡರು. "ಭಾಳ ಛಲೋ ಆತು. ಹಿಂಗ ಬಂದ್ ಆಗೋದಾದ್ರ ವರ್ಷಕ್ಕೊಮ್ಮೆ ಆಗ್ಲಿ," ಎಂದರು. ಹಾರವನ್ನು ಏನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ಸಾವಿತ್ರಿಬಾಯಿ ಅದನ್ನು ಅವರ ಕೈಯಿಂದ ತೆಗೆದುಕೊಂಡು, ದಾರ ಬಿಚ್ಚಿ, ಹೂವನ್ನು ಬೀದಿ ತಿರುವಿನ ಹಸುವಿಗೆ ಹಾಕಿ ಬಂದಳು.

ಶಟರು ಮೇಲೆ ಹೋಯಿತು. ಬೆಳಗಿನಿಂದ ಹಸಿದವರೂ ಅಲ್ಲಿದ್ದರು. ಮೋಹನದಾಸ್ ಒಲೆ ಹೊತ್ತಿಸಿ ಉಪ್ಪಿಟ್ಟಿಗೆ ರವೆ ಹುರಿಯತೊಡಗಿದ. ಚಹಾ ಬಂದ ಮೇಲೆ ರಾಮಲಿಂಗಪ್ಪ ಕುರ್ಚಿ ಎಳೆದುಕೊಂಡರು. "ಇಷ್ಟು ಹೆದರಿಸಿದ್ರಿ. ಈಗ ಕತಿ ಹೇಳ್ರಿ ಅಕ್ಕಾರ. ಇಂಟರ್ವಲ್ ತನಕಾ ಸಾಕು, ಆಮ್ಯಾಲಿಂದು ನಾವೂ ಹೋಗಿ ನೋಡತೀವಿ."

ಲೀಲಾಕ್ಷಿ ಪಾರ್ಸೆಲ್ ಮೇಜಿನ ಹಿಂದೆ ನಿಂತು ಶುರು ಮಾಡಿದಳು. ಮೊದಲು ಕನ್ನಡದಲ್ಲಿ, ಮರಾಠಿಯವರು ಹತ್ತಿರ ಬಂದಾಗ ಮರಾಠಿಯಲ್ಲಿ. ಕಡಲು ಬಂದದ್ದನ್ನು ಹೇಳಿದಳು, ದೀಪಸ್ತಂಭವನ್ನು ಹೇಳಿದಳು. "ಆಗ ರೆಕ್ಕೆ ಬಿಚ್ಚಿತು ನೋಡಿ," ಎಂದು ಎರಡು ಕೈ ಚಾಚಿದಳು.

"ಹಾಗಲ್ಲ, ಹಾಗಲ್ಲ," ಎಂದು ಒಳಗಿನಿಂದ ದನಿ ಬಂತು. ಮೋಹನದಾಸ್ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಬಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದಿದ್ದ. "ಮೊದಲು ಎಡದ್ದು ಮಾತ್ರ ಬಿಚ್ಚಿದ್ದು. ಅವನಿಗೇ ಹೆದರಿಕೆ ಆಯ್ತು, ಸ್ವಲ್ಪ ವಾಲಿದ. ಆಮೇಲೆ ಬಲದ್ದು."

ನಿದ್ದೆ ಮಾಡುವೆನೆಂದು ಹೋದವನು ರೆಕ್ಕೆಯ ಎಡಬಲವನ್ನೂ ನೋಡಿಕೊಂಡು ಬಂದಿದ್ದಾನೆ! ಲೀಲಾಕ್ಷಿ ಕೈ ಇಳಿಸಿದಳು. "ಹಾಗಾದ್ರೆ ನೀವೇ ತೋರಿಸಿ," ಎಂದಳು.

ಮೇಜುಗಳ ನಡುವೆ ಜಾಗ ಬಿಟ್ಟುಕೊಟ್ಟರು. ಒಳಗೆ ರವೆ ಹುರಿಯುವುದನ್ನು ಸಾವಿತ್ರಿಬಾಯಿ ನೋಡಿಕೊಂಡಳು. ಮೋಹನದಾಸ್ ಗಂಟಲು ಸರಿಮಾಡಿಕೊಂಡು ಮೊದಲು ಎಡಗೈ ಎತ್ತಿದ, ಸೌಟಿನಿಂದ ಎರಡು ರವೆ ಕಾಳು ರಾಮಲಿಂಗಪ್ಪನವರ ಟೋಪಿಯ ಮೇಲೆ ಬಿದ್ದವು, ಅವನು ಸ್ವಲ್ಪ ವಾಲಿದ, ಆಮೇಲೆ ಬಲಗೈ ಎತ್ತಿದ.